ಗೇಜ್ ಓದೋಳು

ಮುಂಜಾನೆ ಐದಕ್ಕ ಒಂದು ಗುಳಿಗಿ, ಒಂದು ಲೋಟ ನೀರು.
ಆಮ್ಯಾಲೆ ಒಂದು ತಾಸು ಚಾ ಇಲ್ಲ.
ಹನ್ನೊಂದು ವರ್ಷದಿಂದ ಈ ಒಂದು ತಾಸು ನಂದು.
ಕಾರಟಗಿ ಇನ್ನ ಎದ್ದಿರಂಗಿಲ್ಲ,
ಅಕ್ಕಿ ಮಿಲ್ಲಿನ ಹೊಗಿ ಎದ್ದಿರತೈತಿ.
ಟಾರ್ಚ್ ಹಿಡಕೊಂಡು ಕಾಲುವಿ ಏರಿ ಮ್ಯಾಲೆ ಹೋಗಿ
ಕಲ್ಲಿನ ಅಂಕಿ ನೋಡಿ
ಪುಸ್ತಕದಾಗ ಬರೀತೀನಿ: ಎರಡು ಅಡಿ, ನಾಕು ಇಂಚು.
ಅಪ್ಪನ ನೌಕರಿ. ಅವ ಹೋದ ಮ್ಯಾಲೆ ನನಗ ಬಂತು.
ರಟ್ಟಿನ ಮ್ಯಾಲೆ ಇನ್ನೂ ಅವನ ಹೆಸರೇ ಐತಿ.

ಹೊಟ್ಟಿ ನನ್ನ ಮಾತು ಕೇಳೋದು ಬಿಟ್ಟು ನಾಕು ವರ್ಷಾತು.
ಮುಂಜಾನೆ ಚಪ್ಪಟಿ, ಸಂಜಿಗೆ ಆರು ತಿಂಗಳ ಬಸುರಿ.
ಬಸ್ಸಿನಾಗ ಒಬ್ಬಾಕಿ ಎದ್ದು ಸೀಟು ಬಿಟ್ಟಳು,
"ಎಷ್ಟನೇದು ಅಕ್ಕಾ?" ಅಂದಳು.
ಮದುವಿ ಆಗದ ನಲವತ್ಮೂರರಾಕಿ ನಾ,
"ಮೊದಲನೇದು" ಅಂದು ಕುಂತುಬಿಟ್ಟೆ.
ಕಾಲು ಬಾಳ ನೋಯ್ತಿದ್ದವು.

ಥೈರಾಯ್ಡ್ ಗುಳಿಗಿ ಐವತ್ತಿತ್ತು, ಎಪ್ಪತ್ತೈದಾತು, ನೂರಾತು.
ರಕ್ತದ ಚೀಟ್ಯಾಗಿನ ಅಂಕಿ ಇಳೀಲಿಲ್ಲ.
"ಗುಳಿಗಿ ತಪ್ಪಸ್ತಿಯೇನು?" ಅಂತ ಗಂಗಾವತಿ ಡಾಕ್ಟರು ಬೈದರು.
ಒಂದು ದಿನ ಗೇಜ್ ತಪ್ಪಸದಾಕಿಗೆ ಆ ಮಾತು
ನುಂಗಾಕ ನೀರು ಸಾಲಲಿಲ್ಲ.

ಹುಬ್ಬಳ್ಳಿಗೆ ಹೋಗ್ರಿ ಅಂದಾಕಿ ಹೊಸಾಕಿ, ಡಾಕ್ಟರ್ ಸಬೀಹಾ.
ಹಿಂದಿನ ದಿನ ಬರೇ ಅನ್ನ, ಉಪ್ಪು. ಆಮ್ಯಾಲೆ ಅದೂ ಇಲ್ಲ.
ಸೀ ನೀರು ಕುಡಿಸಿ
ಇಪ್ಪತ್ತು ನಿಮಿಷಕ್ಕೊಮ್ಮೆ ನಳಿಗ್ಯಾಗ ಉಸುರು ಊದಿಸಿದರು.
ಒಬ್ಬ ಹುಡುಗ ಕುಂತು ಅಂಕಿ ಬರಕೋತಿದ್ದ.
ಅವನ ಏಳು ಒಂದರಂಗ ಕಾಣ್ತಿತ್ತು.
"ತಮ್ಮಾ, ಏಳಕ್ಕ ಅಡ್ಡಗೆರಿ ಹಾಕು" ಅಂದೆ.
ಹುಟ್ಟಿದಾಗಿಂದ ಮೊದಲನೇ ಸಲ
ಯಾರೋ ನನ್ನ ಗೇಜ್ ಓದಾಕತ್ತಿದ್ದರು.

ಸಬೀಹಾ ಹಾಳಿ ಮ್ಯಾಲೆ ಕರುಳು ಬರದು ತೋರಿಸಿದಳು.
ತಿಳೀತು ಬಿಡ್ರಿ, ಅಂದೆ.
ಮ್ಯಾಲಿನ ತೂಬು ಅರ್ಧ ಮುಚ್ಚೇತಿ, ನೀರು ಮೆಲ್ಲಗಾಗೇತಿ,
ಮೆಲ್ಲಗಾದ ನೀರಾಗ ಜೊಂಡು ಬೆಳದೈತಿ,
ಜೊಂಡು ಬೆಳದಲ್ಲಿ ಬಿಟ್ಟ ನೀರೂ ಮುಂದ ಹೋಗಂಗಿಲ್ಲ.
ಮ್ಯಾಲೆ ಬಿಟ್ಟ ಗುಳಿಗಿ ಕೆಳಗಿನ ಹೊಲ ಎಲ್ಲಿ ಮುಟ್ಟಬೇಕು?
ಆಕಿ ಪೆನ್ನಿಟ್ಟು ನಕ್ಕಳು. ಹೆಚ್ಚುಕಮ್ಮಿ ಹಂಗ, ಅಂದಳು.
ಆದರ ಇವು ಹೊರಗಿಂದ ಬಂದವಲ್ಲ,
ಇರಬೇಕಾದವೇ, ಇರಬಾರದ ಜಾಗಾದಾಗ ಅದಾವ.
ಅದಂತೂ ನನಗ ಚಲೋ ತಿಳೀತು.
ಏರಿ ಮ್ಯಾಲಿನ ಗುಡಸಲಿನೋರಿಗೆ
ನಮ್ಮ ಸಾಹೇಬರೂ ಹಂಗ ಅಂತಾರ.

ಹದಿನಾಕು ದಿನ, ದಿನಕ್ಕ ಮೂರು.
ಒಂದು ಪಟ್ಟಿಗೆ ಅರ್ಧ ವಾರದ ಪಗಾರ.
ಉಳ್ಳಾಗಡ್ಡಿ ಬಂದ್. ಬಳ್ಳೊಳ್ಳಿ ಬಂದ್. ಹಾಲು, ಕಡ್ಲಿ, ಬಂದ್.
ನಡುನಡುವ ಬಾಯಾಡಿಸೋದೂ ಬಂದ್,
ಕರುಳಿಗೆ ಕಸ ಗುಡಿಸಾಕ ಪುರುಸೊತ್ತು ಬೇಕಂತ.
"ಏನವಾ, ಮಠದ ಊಟ ಸುರು ಮಾಡಿಯೇನು?" ಅಂತ
ತಾಟು ಇಣುಕಿ ನೋಡಿದಳು ಬಾಜೂಮನಿ ಗಾದಿಲಿಂಗಮ್ಮ.
ಹೊಟ್ಟಿನೋವಿಗೆ ಎಂದೂ ಅಳದಾಕಿ
ಖಡಕ್ ರೊಟ್ಟಿ ಪಕ್ಕದ ಖಾಲಿ ಜಾಗ ನೋಡಿ ಅತ್ತೆ.

ಕಾಲುವಿ ಬಂದಾದ ಏಪ್ರಿಲ್‌ನಾಗ ಮತ್ತ ರಕ್ತ ಕೊಟ್ಟೆ.
ಹನ್ನೊಂದಿದ್ದದ್ದು ನಾಕೂವರಿ.
ಮತ್ತ ಬರಬಹುದು ನೋಡ್ರಿ, ಅಂದಳು ಸಬೀಹಾ.
ಬರತೈತಿ. ಜೊಂಡು ನನಗ ಗೊತ್ತಿಲ್ಲೇನು?
ವರ್ಷಾ ಕೀಳ್ತೀವಿ, ವರ್ಷಾ ಬರತೈತಿ,
ಅದಕ್ಕಂತ ಕೀಳೋದು ಬಿಟ್ಟೀವೇನು?

ನಿನ್ನೆ ಸಂಜಿಮುಂದ
ಒಣ ಕಾಲುವ್ಯಾಗ ಹುಡುಗರು ಕ್ರಿಕೆಟ್ ಆಡಾಕತ್ತಿದ್ದರು.
ಒಂದು ಉಳ್ಳಾಗಡ್ಡಿ ಎಂಟು ಹೋಳು ಮಾಡಿದೆ.
ಏಳು ಗಾದಿಲಿಂಗಮ್ಮಗ ಕೊಟ್ಟೆ.
ನೀರಿಲ್ಲದ ದಿನದ ಖಾಲಿ ಸಾಲಿನಾಗ
ಪೆನ್ಸಿಲ್‌ಲೆ ಬರದೆ:
ಉಳ್ಳಾಗಡ್ಡಿ, ಒಂದು ಹೋಳು.
ಮೂರು ತಾಸಾತು.
ಇನ್ನೂ ಏನಿಲ್ಲ.